ಕೂರುವುದಕ್ಕೆ ಮಾಡಿದ ಎಮ್ಮೆ

ಈಚೆಗೆ ಶಿವಮೊಗ್ಗದ ಒಂದು ಸಭೆಯಲ್ಲಿ ನನಗೆ ಹಾರ ಹಾಕಿದರು. ಹಾಕಿದವರು ನನ್ನ ಹಳೆಯ ವಿದ್ಯಾರ್ಥಿ. ಮೈಕಿನ ಮುಂದೆ ನಿಂತು, "ನಮ್ಮೂರಿನ ಹೆರಿಗೆ ಆಸ್ಪತ್ರೆಯಲ್ಲಿ ಒಂದು ಕಾಲಕ್ಕೆ ಇದ್ದ ಸುಂದರವಾದ ಬಸವಣ್ಣನ ಮೂರ್ತಿಯನ್ನು ಕೆತ್ತಿದವರು ಇವರ ಚಿಕ್ಕಪ್ಪನವರೇ" ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು, "ಅದು ಬಸವಣ್ಣ ಅಲ್ಲಪ್ಪ, ಎಮ್ಮೆ. ಮೂರ್ತಿಯೂ ಅಲ್ಲ, ಬೆಂಚು" ಎಂದೆ. ತಮಾಷೆ ಮಾಡುತ್ತಿದ್ದೇನೆಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಬರೆಯುವ ಮುಂಚೆ ಒಂದು ಮಾತು. ನಾನು ಇತಿಹಾಸ ಓದಿ, ಅದನ್ನೇ ಪಾಠ ಹೇಳಿ ನಿವೃತ್ತಳಾದವಳು. ಒಂದೇ ಕಥೆಯನ್ನು ಹತ್ತು ಸಲ ಹೇಳಿದವರ ಮಾತನ್ನು ಯಾಕೆ ನಂಬಬಾರದು ಎಂದು ಮಕ್ಕಳಿಗೆ ಕಲಿಸಿದವಳು. ಈ ಕಥೆಯನ್ನು ನಾನು ಹತ್ತಕ್ಕಿಂತ ಹೆಚ್ಚು ಸಲ ಹೇಳಿದ್ದೇನೆ, ಪ್ರತಿ ಸಲವೂ ಸಿಟ್ಟಿನಲ್ಲಿ. ಹೇಳಿದಷ್ಟೂ ಆಸ್ಪತ್ರೆಯ ಸಮಿತಿಯವರು ದಡ್ಡರಾಗುತ್ತಾ, ನಮ್ಮ ಮನೆಯವರು ಜಾಣರಾಗುತ್ತಾ ಬಂದಿದ್ದಾರೆ ಎಂಬ ಗುಮಾನಿ ನನಗಿದೆ. ಆಗಲೂ ದಿನಚರಿ ಬರೆಯುವ ಅಭ್ಯಾಸವಿತ್ತು. ತೆಗೆದು ನೋಡಿದರೆ ಆ ವಾರಗಳಲ್ಲಿ ನನ್ನ ಪರೀಕ್ಷೆ, ನೆಗಡಿ, ಗೆಳತಿಯ ಜೊತೆ ಆದ ಮನಸ್ತಾಪ ಇಷ್ಟೇ ಇವೆ. ಹಾಗಾಗಿ ಖಚಿತವಿಲ್ಲದ ಕಡೆ ಖಚಿತವಿಲ್ಲ ಎಂದೇ ಬರೆಯುತ್ತೇನೆ. ಸಿಟ್ಟಿನ ಬಗ್ಗೆ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಮನೆ ಶಿವಮೊಗ್ಗದ ಕೋಟೆಯಲ್ಲಿ. ಅಪ್ಪ ವಕೀಲರು. ಅವರ ತಮ್ಮ, ಅಂದರೆ ನನ್ನ ಚಿಕ್ಕಪ್ಪ, ಭದ್ರಾವತಿಯಲ್ಲಿ ಕಬ್ಬಿಣದ ಕೆಲಸದಲ್ಲಿದ್ದವರು. ಅವರಿದ್ದದ್ದು ಪ್ಯಾಟರ್ನ್ ಶಾಪಿನಲ್ಲಿ. ಕಬ್ಬಿಣದ ಯಾವ ಭಾಗವನ್ನು ಎರಕ ಹೊಯ್ಯಬೇಕಾದರೂ ಮೊದಲು ಅದನ್ನು ಮರದಲ್ಲಿ ಮಾಡಬೇಕು. ಮರದ ಆ ಮಾದರಿಯನ್ನು ಒದ್ದೆ ಮರಳಿನಲ್ಲಿ ಒತ್ತಿ, ಹುಷಾರಾಗಿ ಹೊರಗೆ ತೆಗೆದು, ಉಳಿದ ಟೊಳ್ಳಿಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಮಾದರಿ ಇಡಿಯಾಗಿದ್ದರೆ ಮರಳನ್ನು ಕೆಡಿಸದೆ ಹೊರಗೆ ಬರುವುದಿಲ್ಲ. ಆದ್ದರಿಂದ ಅದನ್ನು ಎರಡು ಹೋಳಾಗಿ ಮಾಡಿ, ನಡುವೆ ಮರದ ಗೂಟ ಕೊಟ್ಟು ಕೂಡಿಸುತ್ತಾರೆ. ಚಿಕ್ಕಪ್ಪ ಏನು ಮಾಡಿದರೂ ಈ ಚಾಳಿ ಬಿಡಲಿಲ್ಲ. ಅವರ ಮನೆಯಲ್ಲಿ ಉಪ್ಪು ಹಾಕಿಡುವ ಮರದ ಮರಿಗೆ ಕೂಡ ನಡುವೆ ಬಿಚ್ಚಿಕೊಳ್ಳುತ್ತಿತ್ತು.

ಆ ಕೆಲಸವನ್ನು ಅವರು ಬಿಟ್ಟರು. ಯಾಕೆ ಬಿಟ್ಟರು ಎಂಬುದಕ್ಕೆ ಅಪ್ಪ ಒಂದು ಕಾರಣ ಹೇಳುತ್ತಿದ್ದರು, ಚಿಕ್ಕಮ್ಮ ಇನ್ನೊಂದು. ಚಿಕ್ಕಪ್ಪ ಹೇಳುತ್ತಿದ್ದದ್ದು ಇಷ್ಟು: "ನಾನು ಮಾಡಿದ್ದು ಮರಳಲ್ಲಿ ಹೂತು ಹೋಗತ್ತೆ, ಹೊರಗೆ ಬರೋದು ಬೇರೆ ಏನೋ. ನಾನು ಮಾಡಿದ್ದೇ ಜನರ ಮನೇಲಿ ಇರಬೇಕು." ಭದ್ರಾವತಿಯಲ್ಲಿ ರಸ್ತೆ ಪಕ್ಕ ತಗಡಿನ ಶೆಡ್ಡು ಹಾಕಿ, 'ಕಲಾ ಪೀಠೋಪಕರಣ' ಎಂದು ಫಲಕ ಬರೆಸಿದರು. ಕುರ್ಚಿ ಮೇಜು ಬೇಕೆಂದು ಹೋದವರಿಗೆ ಕಾಣಿಸುತ್ತಿದ್ದದ್ದು ಪ್ರಾಣಿಗಳು.

ಬೆನ್ನು ತಗ್ಗಿಸಿ ಕೂತ ಕಪ್ಪೆಗಳ ಒಂದು ಸಾಲು ಇತ್ತು, ಅವು ಮಣೆಗಳು. ಅಗಲ ಚಿಪ್ಪಿನ ಏಡಿಯೊಂದು ಮೇಜು, ಅದರ ಕಾಲುಗಳೇ ಮೇಜಿನ ಕಾಲುಗಳು. ಒಂದು ಕಾಲ ಮೇಲೆ ನಿಂತ ಕೊಕ್ಕರೆ ಕೊಕ್ಕಿನಲ್ಲಿ ಲಾಂದ್ರ ಹಿಡಿದಿತ್ತು. ಎಲ್ಲಕ್ಕಿಂತ ದೊಡ್ಡದು ಕರಡಿ ಕುರ್ಚಿ. ಕರಡಿಯ ತೊಡೆಯ ಮೇಲೆ ಕೂತು ಅದರ ಎದೆಗೆ ಒರಗಬೇಕು. ಕೂತವರ ಎರಡೂ ಕೈ ಕರಡಿಯ ಕೈ ಮೇಲೆ. ನಾನು ಅದರಲ್ಲಿ ಕೂತು ಕಾದಂಬರಿ ಓದಿದ್ದೇನೆ. ಅಷ್ಟು ಹಿತವಾದ ಕುರ್ಚಿಯಲ್ಲಿ ಆಮೇಲೆ ಎಲ್ಲೂ ಕೂತಿಲ್ಲ. ಇದು ನೆನಪಿನ ಉತ್ಪ್ರೇಕ್ಷೆ ಇರಬಹುದು, ಆಗ ನನ್ನ ಬೆನ್ನಿಗೂ ನೋವಿರಲಿಲ್ಲ.

ಅಪ್ಪನಿಗೆ ಅದನ್ನು ಉಡುಗೊರೆಯಾಗಿ ತಂದಾಗ ಅವರು ಸುತ್ತಲೂ ನೋಡಿ, "ಕಕ್ಷಿದಾರ್ರು ಬಂದಾಗ ನಾನು ಕರಡಿ ತೊಡೆ ಮೇಲೆ ಕೂತಿರಲಾ?" ಎಂದರು.

"ಕೋರ್ಟಲ್ಲಿ ಜಡ್ಜಿ ಕಾಲು ಹಿಡೀತೀಯ. ಮನೇಲಿ ಕರಡಿ ತೊಡೆ ಮೇಲೆ ಕೂರೋಕೆ ನಾಚ್ಕೆನಾ ನಿಂಗೆ?" ಎಂದರು ಚಿಕ್ಕಪ್ಪ.

ಕರಡಿ ವಾಪಸು ಭದ್ರಾವತಿಗೆ ಹೋಯಿತು. ಚಿಕ್ಕಪ್ಪ ವಿನಯವಂತರಾಗಿರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ತಮ್ಮ ಕೆಲಸವನ್ನು ತಾವೇ ಹೊಗಳಿಕೊಳ್ಳುತ್ತಿದ್ದರು, ಹೊಗಳದವರ ಜೊತೆ ಜಗಳ ಕಾಯುತ್ತಿದ್ದರು. ನಮ್ಮ ನೆಂಟರಿಗೆ ಅವರು ನಗೆಪಾಟಲು. ಜವಳಿ ವ್ಯಾಪಾರದ ಮನೆತನದವನು ಉಳಿ ಹಿಡಿದಿದ್ದಾನೆ ಎನ್ನುವುದು ಒಂದು ಅವಮಾನ, ಹಿಡಿದದ್ದರಲ್ಲೂ ದೇವರ ಮಂಟಪ ಮಾಡದೆ ಕಪ್ಪೆ ಮಾಡುತ್ತಾನೆ ಎನ್ನುವುದು ಇನ್ನೊಂದು. ಎಲ್ಲರ ಮನೆಯಲ್ಲೂ ಹುಲಿ ಚರ್ಮದ ಮೇಲೆ ಕೂತ ಅಜ್ಜನ ಫೋಟೋ ಇರುತ್ತಿತ್ತು. ಸತ್ತ ಹುಲಿಯ ಮೇಲೆ ಕೂತರೆ ಗೌರವ, ಮರದ ಕಪ್ಪೆಯ ಮೇಲೆ ಕೂತರೆ ಅಪಹಾಸ್ಯ. ಇದು ನನಗೆ ಆಗಲೂ ಅರ್ಥವಾಗಲಿಲ್ಲ, ಈಗಲೂ ಆಗಿಲ್ಲ.

ಎಮ್ಮೆಯ ವಿಷಯಕ್ಕೆ ಬರುತ್ತೇನೆ. ಚಿಕ್ಕಮ್ಮನ ಹೆರಿಗೆ ಶಿವಮೊಗ್ಗದಲ್ಲಿ ಆಯಿತು. ಊರಿನ ದಾನಿಗಳು ಸೇರಿ ನಡೆಸುತ್ತಿದ್ದ ಸಣ್ಣ ಹೆರಿಗೆ ಆಸ್ಪತ್ರೆ ಅದು. ಒಳಗೆ ಲೇಡಿ ಡಾಕ್ಟರು, ನರ್ಸು, ಹಾಸಿಗೆ ಎಲ್ಲ ಇದ್ದವು. ಹೊರಗಿನ ವರಾಂಡದಲ್ಲಿ ಕೂರುವುದಕ್ಕೆ ಏನೂ ಇರಲಿಲ್ಲ. ತಿಂಗಳು ತುಂಬಿದವರು ನೆಲದ ಮೇಲೆ ಕೂತು ಸರದಿ ಕಾಯಬೇಕು. ಹೆಸರು ಕೂಗಿದಾಗ ಏಳಬೇಕು. ನಾನು ಚಿಕ್ಕಮ್ಮನ ಜೊತೆ ಹೋಗುತ್ತಿದ್ದೆ. ಅವರು ಮೊದಲು ಮಂಡಿಯೂರಿ, ಆಮೇಲೆ ಕಿಟಕಿಯ ಸರಳು ಹಿಡಿದು, ಉಸಿರು ಬಿಗಿಹಿಡಿದು ಏಳುತ್ತಿದ್ದರು. ಒಮ್ಮೆ ಚಿಕ್ಕಪ್ಪ ಅದನ್ನು ನೋಡಿದರು. ಹೆಂಡತಿಯ ಕೈ ಹಿಡಿದು ಎತ್ತುವ ಬದಲು ಆ ಸರಳನ್ನೇ ದಿಟ್ಟಿಸುತ್ತಾ ನಿಂತುಬಿಟ್ಟರು. ಚಿಕ್ಕಮ್ಮ ಮನೆಗೆ ಬಂದ ಮೇಲೆ ಇದನ್ನು ಹೇಳಿ ಹೇಳಿ ನಗುತ್ತಿದ್ದರು: "ನಾನು ಸಾಯ್ತಾ ಏಳ್ತಿದ್ರೆ ಇವ್ರು ಕಿಟಕಿ ನೋಡ್ಕೊಂಡು ನಿಂತಿದಾರೆ ಮಾರಾಯ್ತಿ!"

ಮಗು ಹೆಣ್ಣು, ಬಾಣಂತಿ ಮಗು ಇಬ್ಬರೂ ಕ್ಷೇಮ. ಆ ಬೇಸಿಗೆಯಲ್ಲಿ ಚಿಕ್ಕಪ್ಪ ಭದ್ರಾವತಿಯಿಂದ ಬಂದು ಬಂದು ನವುಲೆ ಕೆರೆಯ ಏರಿಯ ಮೇಲೆ ಕೂರುತ್ತಿದ್ದರು, ನೀರಿಂದೆದ್ದು ದಂಡೆಯ ಕೆಸರಿನಲ್ಲಿ ಮಲಗುವ ಎಮ್ಮೆಗಳನ್ನು ನೋಡುವುದಕ್ಕೆ. ಎಮ್ಮೆಯೇ ಯಾಕೆ ಎಂದು ನಾನು ಕೇಳಿದ್ದೆ.

"ಆನೆ ಮಾಡಿದ್ರೆ ಗಣಪತಿ ಅಂತಾರೆ. ಎತ್ತು ಮಾಡಿದ್ರೆ ಬಸವಣ್ಣ ಅಂತ ಕಾಲಿಗೆ ಬೀಳ್ತಾರೆ, ಯಾರೂ ಕೂರಲ್ಲ. ಎಮ್ಮೆಗೆ ಯಾರೂ ಕೈ ಮುಗಿಯಲ್ಲ ಮಗೂ. ಧೈರ್ಯವಾಗಿ ಕೂರ್ತಾರೆ."

ಅವರ ಲೆಕ್ಕಾಚಾರದಲ್ಲಿ ಒಂದೇ ಒಂದು ತಪ್ಪಿತ್ತು. ಅದು ಆಮೇಲೆ ತಿಳಿಯಿತು.

ಬೆಂಚು ಹೀಗಿತ್ತು. ಹಲಸಿನ ಮರದಲ್ಲಿ ಮಾಡಿದ, ಕಾಲು ಮಡಿಸಿ ಮಲಗಿದ ಎಮ್ಮೆ. ಎಣ್ಣೆ, ಕಾಡಿಗೆ ತಿಕ್ಕಿ ಕಪ್ಪು ಮಾಡಿದ್ದು. ಅಗಲವಾದ ಬೆನ್ನನ್ನು ಎರಡು ಕಡೆ ಒಳಕ್ಕೆ ತಗ್ಗಿಸಿದ್ದರು, ಇಬ್ಬರು ಹಾಯಾಗಿ ಕೂರುವಂತೆ. ಕೊಂಬುಗಳು ಬೀಟೆ ಮರದವು. ಎಮ್ಮೆಯ ಕೊಂಬು ಹಿಂದಕ್ಕೆ ಬಾಗಿರುತ್ತದಲ್ಲ, ಇವು ಕತ್ತನ್ನೂ ದಾಟಿ, ಕೂತವರ ಕೈಗೆ ಸಿಗುವಷ್ಟು ಹಿಂದಕ್ಕೆ ಬಾಗಿದ್ದವು. ಕೊಂಬು ಹಿಡಿದು ಕೂರಬೇಕು, ಕೊಂಬು ಹಿಡಿದು ಏಳಬೇಕು. ಇಡೀ ಎಮ್ಮೆ ಇದ್ದದ್ದೇ ಆ ಕೊಂಬಿಗಾಗಿ. ಕೊಂಬಿನ ಎತ್ತರ ಗೊತ್ತುಮಾಡಲು ಪಕ್ಕದ ಮನೆಯ ತಮಿಳು ಹೆಂಗಸನ್ನು ಕರೆಸಿದ್ದರು. ಆಕೆ ಆಗ ಬಸುರಿ. ಕೂತು, ಎದ್ದು, "ಕೊಂಜ, ಸ್ವಲ್ಪ ಮೇಲೆ ಅಣ್ಣಾ" ಎನ್ನುವಳು. ಚಿಕ್ಕಪ್ಪ ಬದಲಾಯಿಸುವರು. ಮತ್ತೆ ಕೂತು, "ಈಗ ಜಾಸ್ತಿ ಆಯ್ತು. ನಾನೇನು ಸೈಕಲ್ ಓಡಿಸ್ತೀನಾ?" ಎನ್ನುವಳು. ಅಪ್ಪನ ಒಂದು ಮಾತನ್ನೂ ಸಹಿಸದ ಚಿಕ್ಕಪ್ಪ ಆಕೆ ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು.

ಎಮ್ಮೆಯೂ ಎರಡು ಹೋಳು. ಮೂತಿಯಿಂದ ಬಾಲದವರೆಗೆ ಉದ್ದಕ್ಕೆ ಸೀಳು, ಹೊಟ್ಟೆಯ ಕೆಳಗೆ ಎರಡು ಬೆಣೆ. ಬೆಣೆ ಬಡಿದರೆ ಕೂಡಿಕೊಳ್ಳುತ್ತದೆ, ತೆಗೆದರೆ ಬಿಚ್ಚಿಕೊಳ್ಳುತ್ತದೆ. ಕೂಡಿಸಿದಾಗ ಸೀಳು ಕಾಣುತ್ತಿರಲಿಲ್ಲ.

ಚಿಕ್ಕಪ್ಪ ಅದನ್ನು ಆಸ್ಪತ್ರೆಗೆ ದಾನ ಕೊಟ್ಟರು. ಸಮಿತಿಯ ಅಧ್ಯಕ್ಷರು ಅಡಿಕೆ ಮಂಡಿ ಸಾಹುಕಾರರು. ದಾನ ಎಂದ ಕೂಡಲೇ ಒಪ್ಪಿದರು, ಎಮ್ಮೆಯನ್ನು ನೋಡಿ ಒಪ್ಪಿದಂತೆ ಕಾಣಲಿಲ್ಲ. ಭದ್ರಾವತಿಯಿಂದ ಅದನ್ನು ಲಾರಿಯಲ್ಲಿ ತಂದವರು ಚಿಕ್ಕಪ್ಪನ ಸ್ನೇಹಿತರೊಬ್ಬರು. ನಾವು ಸಾಬರು ಎನ್ನುತ್ತಿದ್ದ ಲಾರಿ ಡ್ರೈವರು.

ಮೊದಲ ಕೆಲವು ವಾರ ಬೆಂಚು ಬೆಂಚಾಗಿಯೇ ಇತ್ತು. ಇದನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ಈಗ ಯಾರಿಗೂ ಗೊತ್ತಿಲ್ಲ. ಕಾಲೇಜಿನಿಂದ ಬರುವಾಗ ನಾನು ಬೇಕೆಂದೇ ಆ ದಾರಿ ಹಿಡಿಯುತ್ತಿದ್ದೆ. ಒಬ್ಬರು ಕೂತಿರುತ್ತಿದ್ದರು, ಇನ್ನೊಬ್ಬರು ಕೊಂಬು ಹಿಡಿದು ಏಳುತ್ತಿರುತ್ತಿದ್ದರು, ಜೊತೆಗೆ ಬಂದ ಮಕ್ಕಳು ಮೂತಿಗೆ ಹುಲ್ಲು ಹಿಡಿಯುತ್ತಿದ್ದವು. ಸಾಬರ ಹೆಂಡತಿಯೂ ಆಗ ಅಲ್ಲಿಗೆ ತೋರಿಸಿಕೊಳ್ಳಲು ಬರುತ್ತಿದ್ದರು. "ನಮ್ ಮನೇವ್ಳು ಹೇಳ್ತಾಳೆ, ಮನೇಗೂ ಒಂದು ಭೈಂಸ್ ತಗೊಂಡ್ಬಾ ಅಂತ. ಹಾಲು ಕೊಡ್ದೇ ಇದ್ರೂ ಪರ್ವಾಗಿಲ್ವಂತೆ" ಎಂದು ಸಾಬರು ನಗುತ್ತಿದ್ದರು.

ಆಮೇಲೆ ಒಳಗೆ ಒಬ್ಬ ಹೆಂಗಸು ಹೆರಿಗೆಯಲ್ಲಿ ತೀರಿಕೊಂಡರು. ಅವರು ಯಾರು, ಯಾವ ಊರಿನವರು, ಏನಾಯಿತು ಎಂಬುದು ನನಗೆ ಗೊತ್ತಿಲ್ಲ. ಅದು ಗೊತ್ತಿಲ್ಲದಿರುವುದೇ ಒಂದು ಅನ್ಯಾಯ. ನೆನಪಿನಲ್ಲಿ ಉಳಿದದ್ದು ಎಮ್ಮೆ, ಆಕೆಯಲ್ಲ. ಯಾರೂ ಡಾಕ್ಟರು ಯಾವಾಗ ಬಂದರು, ಔಷಧ ಇತ್ತೇ ಎಂದು ಕೇಳಲಿಲ್ಲ. ಎಲ್ಲರೂ ವರಾಂಡ ನೋಡಿದರು. ಬಾಗಿಲಲ್ಲೇ ಯಮನ ವಾಹನ ಮಲಗಿದೆ, ಯಮ ಒಳಗೆ ಬರದೆ ಇರುತ್ತಾನೆಯೇ ಎಂದರು.

ಎಮ್ಮೆಗೆ ಯಾರೂ ಕೈ ಮುಗಿಯುವುದಿಲ್ಲ ಎಂದು ಯೋಚಿಸಿದ ಚಿಕ್ಕಪ್ಪನಿಗೆ, ಯಮ ಏರುವ ಕೋಣಕ್ಕೂ ತಮ್ಮ ಎಮ್ಮೆಗೂ ಜನ ವ್ಯತ್ಯಾಸ ಎಣಿಸುವುದಿಲ್ಲ ಎಂದು ಹೊಳೆದಿರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅದನ್ನಿಟ್ಟದ್ದು ಅವರ ತಪ್ಪೇ ಇರಬಹುದು, ಇಲ್ಲವೆನ್ನಲಾರೆ. ಬೇಡವಾಗಿದ್ದರೆ ವಾಪಸು ಕಳಿಸಬಹುದಿತ್ತು. ಕರಡಿಯನ್ನು ಅಪ್ಪ ಕಳಿಸಲಿಲ್ಲವೇ?

ಸಮಿತಿಯವರು ಕಳಿಸಲಿಲ್ಲ. ನೆಗಡಿ ಹಿಡಿದು ನಾನು ಹಲವು ದಿನ ಆ ದಾರಿಯಲ್ಲಿ ಹೋಗಿರಲಿಲ್ಲ, ಅವರು ಮಾಡಿದ್ದನ್ನು ಒಂದು ಬೆಳಿಗ್ಗೆ ಕಾಲೇಜಿಗೆ ಹೋಗುವಾಗ ಕಂಡೆ. ಎಮ್ಮೆ ಬೆಳ್ಳಗಾಗಿತ್ತು. ಮನೆಯ ಕಿಟಕಿಗೆ ಹೊಡೆಯುವ ಹೊಳೆಹೊಳೆಯುವ ಬಿಳಿ ಬಣ್ಣವನ್ನು ಮೂತಿಯಿಂದ ಬಾಲದವರೆಗೆ ಬಳಿದಿದ್ದರು. ಕೊಂಬುಗಳಿರಲಿಲ್ಲ. ಬುಡದಲ್ಲಿ ಗರಗಸ ಹಾಕಿ ಕೊಯ್ದು, ಉಳಿದ ಮೋಟುಗಳಿಗೆ ಹಳದಿ ಬಳಿದು ಎಳೆಯ ಬಸವನ ಕೊಂಬಿನಂತೆ ಮಾಡಿದ್ದರು. ಹಣೆಗೆ ವಿಭೂತಿ, ಕತ್ತಿಗೆ ಸೇವಂತಿಗೆ ಹಾರ, ಮುಂದೆ ತಟ್ಟೆ. ಕೂರಲೆಂದು ತಗ್ಗಿಸಿದ್ದ ಬೆನ್ನಿನಲ್ಲಿ ಯಾರೋ ಊದಿನಕಡ್ಡಿ ಚುಚ್ಚಿದ ಬಾಳೆಹಣ್ಣು ಇಟ್ಟಿದ್ದರು.

ಅದರ ಸುತ್ತ, ನೆಲದ ಮೇಲೆ, ತಿಂಗಳು ತುಂಬಿದ ಹೆಂಗಸರು ಕೂತಿದ್ದರು.

ಬಣ್ಣ ಮೊದಲೋ ಕೊಂಬು ಮೊದಲೋ, ಯಾರ ಉಪಾಯ ಇದು, ನನಗೆ ತಿಳಿಯದು. ಇದನ್ನು ಮಾಡಿದವರು ಕೆಟ್ಟವರೇನಲ್ಲ, ಹೆದರಿದ್ದ ಜನಕ್ಕೆ ಧೈರ್ಯ ಕೊಡಲು ಮಾಡಿದರು ಎಂದು ಅಪ್ಪ ವಾದಿಸಿದ್ದುಂಟು. ಇರಲಿ. ಆದರೆ ಆ ವರಾಂಡದಲ್ಲಿ ಕೂತವರನ್ನು ನೋಡಿಯೂ ಗರಗಸ ಆಡಿಸಿದ ಕೈಯನ್ನು ನನಗೆ ಇವತ್ತಿಗೂ ಕ್ಷಮಿಸಲು ಆಗಿಲ್ಲ. ನಾನು ಕಾಲೇಜಿಗೆ ಹೋಗಲಿಲ್ಲ. ಬಸ್ಸು ಹತ್ತಿ ಭದ್ರಾವತಿಗೆ ಹೋದೆ.

ಚಿಕ್ಕಪ್ಪ ಕೇಳಿಸಿಕೊಂಡರು. ಕೂಗಾಡುತ್ತಾರೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. "ಕೊಂಬು ಎಲ್ಲಿಂದ ಕೊಯ್ದಿದಾರೆ?" ಎಂದು ಮಾತ್ರ ಕೇಳಿದರು. ಬುಡದಿಂದ ಎಂದೆ.

"ಎಳೆದಿದ್ರೆ ಬರ್ತಿತ್ತು," ಎಂದರು. "ಗೂಟದ ಮೇಲೆ ಕೂರಿಸಿದ್ದು. ಎಳೆದಿದ್ರೆ ಸಾಕಿತ್ತು. ಬೇಡ ಅಂತ ಒಂದು ಮಾತು ಹೇಳಿ ಕಳ್ಸಿದ್ರೂ ನಾನೇ ಬಂದು ತೆಗೀತಿದ್ದೆ."

ಮೂಲೆಯಲ್ಲಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದ ಚಿಕ್ಕಮ್ಮ ಕೈ ಒರೆಸಿಕೊಂಡು ಎದ್ದರು. "ಮಾತಾಡ್ತಾ ಕೂತ್ಕೋಬೇಡಿ. ಸಾಬ್ರಿಗೆ ಹೇಳಿ ಕಳ್ಸಿ. ನಾನೂ ಬರ್ತೀನಿ."

ಮರುದಿನ ಲಾರಿಯಲ್ಲಿ ನಾವೆಲ್ಲ ಶಿವಮೊಗ್ಗಕ್ಕೆ ಬಂದೆವು. ಮಗುವನ್ನು ತಮಿಳು ಹೆಂಗಸಿನ ಹತ್ತಿರ ಬಿಟ್ಟಿದ್ದರು. ದಾರಿಯುದ್ದಕ್ಕೂ ಚಿಕ್ಕಪ್ಪನ ಯೋಜನೆ ಒಂದೇ ಇತ್ತು: ಬಣ್ಣ ಕೆರೆದು, ಹೊಸ ಕೊಂಬು ಹಾಕಿ, ಅದೇ ಜಾಗದಲ್ಲಿ ಅದೇ ಬೆಂಚು. ಎಮ್ಮೆ ಬೇಡವೆಂದರೆ ಮೂತಿ ತೆಗೆದುಕೊಡಲೂ ಅವರು ತಯಾರಿದ್ದರು. ಹೆಂಗಸರು ಕೂರಬೇಕು, ಅಷ್ಟೇ.

ವರಾಂಡದಲ್ಲಿ ಆಯಾ ನಮ್ಮನ್ನು ತಡೆದಳು. ಚಿಕ್ಕಮ್ಮ ಅವಳನ್ನು ದಾಟಿ ಹೋಗಿ ಬಿಳಿ ಎಮ್ಮೆಯ ಮುಂದೆ ನಿಂತರು. ಚಿಕ್ಕಮ್ಮ ಲಿಂಗಪೂಜೆ ಮಾಡದೆ ನೀರು ಮುಟ್ಟುವವರಲ್ಲ, ಇದನ್ನು ಓದುವವರು ಮರೆಯಬಾರದು. ಹಾರ, ಬಾಳೆಹಣ್ಣು, ತಟ್ಟೆ ಎಲ್ಲವನ್ನೂ ಕಣ್ಣಿಗೊತ್ತಿಕೊಂಡು ಪಕ್ಕದ ಕಟ್ಟೆಯ ಮೇಲಿಟ್ಟರು. ಆಮೇಲೆ ಸೆರಗು ಸರಿಮಾಡಿಕೊಂಡು ಬೆಂಚಿನ ಮೇಲೆ ಕೂತರು.

ಆಯಾ ಕಿರುಚಿದಳು. "ಅಯ್ಯೋ ಅಮ್ಮಾ, ಏಳಿ! ಬಸವಣ್ಣನ ಮೇಲೆ ಕೂತಿದೀರಲ್ಲಾ!"

"ಬಸವಣ್ಣನ ಮೇಲೆ ನಾನು ಜನ್ಮದಲ್ಲಿ ಕೂರಲ್ಲ. ಇದು ಎಮ್ಮೆ. ನಮ್ಮನೇಲಿ ಹುಟ್ಟಿದ್ದು, ನಂಗೆ ಗೊತ್ತಿಲ್ವಾ?"

ಯಾರೋ ಓಡಿಹೋಗಿ ಮಂಡಿಯಿಂದ ಸಾಹುಕಾರರನ್ನು ಕರೆತಂದರು. ಅವರ ಹಿಂದೆ ಕೋಟೆಯ ಕಡೆಯಿಂದ ಬಂದು ದಿನಾ ಪೂಜೆ ಮಾಡಿ ಹೋಗುತ್ತಿದ್ದ ಅರ್ಚಕರು. ನೆಲದ ಮೇಲಿದ್ದ ಹೆಂಗಸರು ಗೋಡೆಗೆ ಒತ್ತಿಕೊಂಡು ನೋಡುತ್ತಿದ್ದರು.

ಸಾಹುಕಾರರು ಚಿಕ್ಕಪ್ಪನ ಕಡೆ ತಿರುಗಿ, "ಏನ್ರೀ ಇದು? ದಾನ ಕೊಟ್ಟ ಮೇಲೆ ಮುಗೀತು. ಮನೇವ್ರನ್ನ ಎಬ್ಬಿಸಿ ಮೊದಲು" ಎಂದರು.

"ಕೂರೋಕೆ ದಾನ ಕೊಟ್ಟಿದ್ದು. ಕೂತಿದಾಳೆ."

"ಜನ ಹೆದ್ರಿದ್ರು ಸ್ವಾಮಿ. ಯಮನ ಕೋಣ ಅಂತ ಒಳಗೆ ಕಾಲಿಡ್ತಿರಲಿಲ್ಲ. ಈಗ ಕೈ ಮುಗಿದು ಒಳಗೆ ಬರ್ತಾರೆ. ಒಳ್ಳೇದೇ ಆಯ್ತಲ್ಲ?"

ಇದಕ್ಕೆ ಉತ್ತರ ಕೊಟ್ಟವರು ಚಿಕ್ಕಮ್ಮ. "ಕೈ ಮುಗಿದು ಎಲ್ಲಿ ಕೂರ್ತಾರೆ, ಸಾಹುಕಾರ್ರೇ?"

"ಕೆಳಗೆ ಕೂರ್ತಾರೆ. ನೆಲ ತೊಳೆಸ್ತೀವಿ ದಿನಾ."

"ನಿಮಗೂ ದೇವ್ರು ಚೆನ್ನಾಗಿ ಹೊಟ್ಟೆ ಕೊಟ್ಟಿದಾನೆ. ಒಂದ್ಸಲ ನೆಲದ ಮೇಲೆ ಕೂತು, ಏನೂ ಹಿಡ್ಕೊಳ್ದೆ ಎದ್ದು ತೋರಿಸಿ ನೋಡಣ. ಎದ್ರೆ ನಾನೂ ಏಳ್ತೀನಿ."

ಗೋಡೆಯ ಕಡೆಯಿಂದ ಒಂದು ನಗು ಕೇಳಿಸಿತು. ಸಾಬರು ಬೇರೆ ಕಡೆ ಮುಖ ತಿರುಗಿಸಿ ಕೆಮ್ಮಿದರು. ಸಾಹುಕಾರರ ಮುಖ ಕೆಂಪಗಾಯಿತು. ಅವರು ಕೂರಲೂ ಇಲ್ಲ, ಏಳಲೂ ಇಲ್ಲ. "ಹೆಂಗಸರ ಹತ್ರ ನಾನು ಮಾತಾಡಲ್ಲ. ದೇವ್ರನ್ನ ಇಲ್ಲಿಂದ ಅಲ್ಲಾಡಿಸೋಕೆ ಬಿಡಲ್ಲ. ಬೇಕಾದ್ರೆ ಕೋರ್ಟಿಗೆ ಹೋಗಿ, ನಿಮ್ಮಣ್ಣ ಇದಾರಲ್ಲ" ಎಂದರು.

ಚಿಕ್ಕಪ್ಪ ಹೆಂಡತಿಯನ್ನು ಏಳಲು ಹೇಳಿದರು. ಚಿಕ್ಕಮ್ಮ ಏಳುವಾಗ ಅವರ ಕೈ ಪಕ್ಕಕ್ಕೆ ಹೋಗಿ ಗಾಳಿಯಲ್ಲಿ ತಡಕಾಡಿದ್ದನ್ನು ನಾನು ನೋಡಿದೆ. ಕೊಂಬು ಇರಬೇಕಾದ ಜಾಗ ಅದು. ಇದನ್ನು ನಾನು ಆಮೇಲೆ ಸೇರಿಸಿಕೊಂಡೆನೇ ಎಂದು ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಇಲ್ಲ, ನೋಡಿದೆ.

ಚಿಕ್ಕಪ್ಪ ಬಗ್ಗಿ, ಚಾಕುವಿನ ತುದಿಯಿಂದ ಎಮ್ಮೆಯ ಬೆನ್ನ ನಡುವೆ ಗೆರೆ ಎಳೆದರು. ಬಿಳಿ ಬಣ್ಣ ಸಿಪ್ಪೆಯಂತೆ ಎದ್ದಿತು. ಆಮೇಲೆ ನೆಲಕ್ಕೆ ಕೂತು, ಹೊಟ್ಟೆಯ ಕೆಳಗೆ ಕೈ ಹಾಕಿ, ಸುತ್ತಿಗೆಯಿಂದ ಬೆಣೆಗಳನ್ನು ಬಡಿದರು. ಒಂದು ಬಿದ್ದ ಸದ್ದಾಯಿತು, ಇನ್ನೊಂದು ಬಿದ್ದಿತು. ಬಸವಣ್ಣ ಉದ್ದಕ್ಕೆ ಸೀಳಿ ಎರಡಾದ. ಒಳಗೆ ಟೊಳ್ಳು. ಪ್ಯಾಟರ್ನ್ ಶಾಪಿನ ರೂಢಿಯಂತೆ ಅದಕ್ಕೆ ಕೆಂಪು ಬಳಿದಿದ್ದರು. ಬಿಳಿಯ ಮೈಯೊಳಗಿಂದ ಇದ್ದಕ್ಕಿದ್ದಂತೆ ಆ ಕೆಂಪು ಕಂಡದ್ದೇ, ಹೆಂಗಸರಲ್ಲಿ ಹಲವರು "ಶಿವಶಿವಾ" ಎಂದು ಕಣ್ಣು ಮುಚ್ಚಿಕೊಂಡರು.

ಆಮೇಲೆ ಅರ್ಚಕರು, ಮೆಲ್ಲಗೆ, ಸಾಹುಕಾರರಿಗೆ ಮಾತ್ರ ಹೇಳುವವರಂತೆ, "ಭಿನ್ನ ಆಯ್ತು. ಭಿನ್ನವಾದ ಮೂರ್ತಿಗೆ ಪೂಜೆ ಇಲ್ಲ. ನನ್ನ ಕೈಲಿ ಆಗಲ್ಲ" ಎಂದರು.

ಚಿಕ್ಕಪ್ಪ ಇದನ್ನು ಮೊದಲೇ ಯೋಚಿಸಿ ಬಂದಿದ್ದರು ಎಂದು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಕಥೆಗೆ ಅದೇ ಚೆನ್ನ. ಚಿಕ್ಕಮ್ಮ ಮಾತ್ರ, "ಯೋಚನೆಯೂ ಇಲ್ಲ, ಮಣ್ಣೂ ಇಲ್ಲ. ವಾಪಸ್ ತಗೊಂಡು ಹೋಗಣ ಅಂತ ಇಡಿಯಾಗಿ ಎತ್ತಿದ್ರೆ ಕಂಬದ ಸಂದಿಲಿ ಹೋಗ್ತಿರಲಿಲ್ಲ, ಅದಕ್ಕೆ ಬಿಚ್ಚಿದ್ರು" ಎನ್ನುತ್ತಿದ್ದರು. ಅವರ ಮಾತೇ ನಿಜವಿರಬೇಕು. ಅರ್ಚಕರ ಮಾತು ಕೇಳಿದಾಗ ಚಿಕ್ಕಪ್ಪನ ಮುಖದಲ್ಲಿ ಗೆಲುವು ಇರಲಿಲ್ಲ, ಆಶ್ಚರ್ಯ ಇತ್ತು. ಆಮೇಲೆ ಆಸೆ ಬಂತು.

"ಹಾಗಾದ್ರೆ ಇನ್ನು ದೇವ್ರಲ್ಲ ತಾನೇ?" ಎಂದರು ಅರ್ಚಕರಿಗೆ. ಅವರು ತಲೆಯಾಡಿಸಿದರು. ಚಿಕ್ಕಪ್ಪ ಸಾಹುಕಾರರ ಕಡೆ ತಿರುಗಿದರು. ಅಂಥ ಮೆತ್ತಗಿನ ಧ್ವನಿ ಅವರ ಬಾಯಿಂದ ನಾನು ಆವತ್ತು ಬಿಟ್ಟರೆ ಕೇಳಿಲ್ಲ. "ಸಾಹುಕಾರ್ರೇ, ಇಲ್ಲೇ ಕೂಡಿಸ್ತೀನಿ. ಮೂತಿ ಬೇಡ ಅಂದ್ರೆ ತೆಗೀತೀನಿ, ಬರೀ ಬೆಂಚಾಗಿರ್ಲಿ. ಹಿಡಿಕೆ ಒಂದು ಇರ್ಲಿ. ಇವ್ರು ಕೂರ್ಲಿ."

ಸಾಹುಕಾರರು ಆ ಎರಡು ಹೋಳುಗಳನ್ನು ನೋಡಿದರು. ಗೋಡೆಗೊರಗಿದ್ದ ಹೆಂಗಸರನ್ನು ನೋಡಲಿಲ್ಲ. "ಭಿನ್ನವಾದದ್ದು ಆಸ್ಪತ್ರೇಲಿ ಇರ್ಬಾರ್ದು. ಅಪಶಕುನ. ಎತ್ಕೊಂಡು ಹೋಗಿ" ಎಂದರು.

ಮೊದಲು ಅದು ಯಮನದ್ದು ಎಂದು ಕೂರಲು ಬಿಡಲಿಲ್ಲ. ಆಮೇಲೆ ಶಿವನದ್ದು ಎಂದು ಬಿಡಲಿಲ್ಲ. ಕಡೆಗೆ ಯಾರದ್ದೂ ಅಲ್ಲ ಎಂದಾಗ, ಅದಕ್ಕೂ ಬಿಡಲಿಲ್ಲ. ಅವರಿಗೆ ಎಮ್ಮೆಯ ಜೊತೆ ಜಗಳವಿರಲಿಲ್ಲ ಎಂದು ನನಗೆ ಆ ವರಾಂಡದಲ್ಲಿ ಅನ್ನಿಸಿತು. ಆ ಹೆಂಗಸರು ಕೂರಬೇಕು ಎನ್ನುವುದು ಅವರ ತಲೆಗೆ ಹೋಗಿರಲೇ ಇಲ್ಲ.

ಸಾಬರು, ಚಿಕ್ಕಪ್ಪ ಒಂದೊಂದೇ ಹೋಳು ಎತ್ತಿ ಲಾರಿಗೆ ಹಾಕಿದರು. ನೆಲದ ಮೇಲಿದ್ದವರಲ್ಲಿ ಒಬ್ಬಾಕೆ ಮೆಲ್ಲಗೆ ಚಿಕ್ಕಮ್ಮನನ್ನು ಕೇಳಿದಳು: "ಅಕ್ಕಾ, ಇನ್ನೊಂದು ತರ್ತೀರಾ?" ಚಿಕ್ಕಮ್ಮ ಅವಳ ತಲೆ ಸವರಿದರು. ಒಳಗಿಂದ ಒಂದು ಹೆಸರು ಕೂಗಿದರು. ಆ ಹೆಸರಿನವಳು ಕಿಟಕಿಯ ಸರಳು ಹಿಡಿದು ಎದ್ದಳು.

ಕೊಂಬುಗಳು ಏನಾದವು ಎಂದು ಆಮೇಲೆ ಸಾಬರು ಹೇಳಿದರು. ಮಂಡಿಗೆ ಅಡಿಕೆ ಇಳಿಸಲು ಹೋದಾಗ ನೋಡಿದರೆ, ಸಾಹುಕಾರರ ಗದ್ದುಗೆಯ ಹಿಂದಿನ ಗೋಡೆಯಲ್ಲಿ ಅವನ್ನು ಜೋಡಿಯಾಗಿ ಬಡಿದಿದ್ದರಂತೆ, ಒಂದಕ್ಕೆ ಕೋಟು, ಇನ್ನೊಂದಕ್ಕೆ ಟೋಪಿ. "ಬೀಟೆ ಅಲ್ವಾ, ಬಿಸಾಕೋಕೆ ಮನ್ಸು ಬಂದಿರಲ್ಲ" ಎಂದರು ಸಾಬರು. ನಾನು ನೋಡಿಲ್ಲ. ಸಾಬರು ಕಥೆ ಕಟ್ಟುವುದರಲ್ಲಿ ಹಿಂದೆ ಬಿದ್ದವರಲ್ಲ. ಆದರೂ ಆ ಮಂಡಿಯ ಮುಂದೆ ಹೋಗುವಾಗಲೆಲ್ಲ ನಾನು ಕತ್ತು ಉದ್ದ ಮಾಡಿ ಒಳಗೆ ನೋಡಿದ್ದುಂಟು.

ಚಿಕ್ಕಪ್ಪ ಎಮ್ಮೆಯನ್ನು ಮತ್ತೆ ಕೂಡಿಸಲಿಲ್ಲ. ಭದ್ರಾವತಿಯ ಶೆಡ್ಡಿನ ಬಾಗಿಲ ಎರಡೂ ಕಡೆ ಒಂದೊಂದು ಹೋಳನ್ನು ಗೋಡೆಗೆ ಸೇರಿಸಿ ನಿಲ್ಲಿಸಿದರು, ಗೋಡೆಯೊಳಗಿಂದ ಅರ್ಧ ಎಮ್ಮೆ ಹೊರಗೆ ಬಂದ ಹಾಗೆ. ಬಿಳಿ ಬಣ್ಣ ಕೆರೆದರೂ ಮರದ ಎಳೆಯೊಳಗೆ ಇಳಿದದ್ದು ಹೋಗಲಿಲ್ಲ, ಎಮ್ಮೆ ಬೂದು ಬಣ್ಣವಾಯಿತು. ಹೊಸ ಕೊಂಬು ಮಾಡಿ ಎಂದು ಚಿಕ್ಕಮ್ಮ ಎಷ್ಟು ಹೇಳಿದರೂ, "ಕುಯ್ದವ್ರು ತಂದ್ಕೊಡ್ಲಿ" ಎಂದುಬಿಟ್ಟರು. ಇಲ್ಲಿ ಮಾತ್ರ ನನಗೆ ಅವರ ಮೇಲೂ ಸಿಟ್ಟಿದೆ. ಸಂತೆ ಮುಗಿಸಿ ಬುಟ್ಟಿ ಹೊತ್ತು ಬರುವ ಹೆಂಗಸರು ಆ ಹೋಳುಗಳ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದರು. ಅವರಿಗಾದರೂ ಕೊಂಬು ಮಾಡಬಹುದಿತ್ತು.

ಚಿಕ್ಕಪ್ಪ ಚಿಕ್ಕಮ್ಮ ಇಬ್ಬರೂ ಈಗಿಲ್ಲ. ಶೆಡ್ಡೂ ಇಲ್ಲ. ಒಂದು ಹೋಳು ಎಲ್ಲಿ ಹೋಯಿತೋ ತಿಳಿಯದು, ಇನ್ನೊಂದು ಆಲ್ಕೊಳದಲ್ಲಿರುವ ನನ್ನ ಮನೆಯ ಜಗಲಿಯಲ್ಲಿದೆ. ಹಾರ ಹಾಕಿದ ಹಳೆಯ ವಿದ್ಯಾರ್ಥಿ ಮೊನ್ನೆ ಮನೆಗೆ ಬಂದಿದ್ದರು. ಅದರ ಮುಂದೆ ಚಪ್ಪಲಿ ಬಿಟ್ಟು, ಕೈ ಮುಗಿದು, ನಿಂತೇ ಇದ್ದರು. ಕೂತ್ಕೊಳ್ಳಿ ಎಂದೆ. "ಅಯ್ಯೋ, ಬೇಡಿ ಮೇಡಂ" ಎಂದರು.

"ಕೂತ್ಕೊಳ್ಳಯ್ಯಾ," ಎಂದು ಗದರಿದೆ. ನಾನು ತರಗತಿಯಲ್ಲೂ ಹಾಗೆ ಗದರಿದವಳಲ್ಲ. ಅವರು ಹೆದರಿ ತುದಿಯಲ್ಲಿ ಕೂತರು. ಕಾಫಿ ತಂದುಕೊಟ್ಟು, ಅವರು ಕುಡಿದು ಮುಗಿಸುವವರೆಗೂ ಎದುರಿಗೇ ನಿಂತಿದ್ದೆ, ಏಳಲು ಬಿಡಲಿಲ್ಲ.